ಅಳಿಸಲಾಗದ ಪ್ರತಿಯೇ ದಾಖಲೆಗೆ ಕಡೆಯ ಕಾವಲು

ಉಮ್ಮತ್ತೂರು (ಚಾಮರಾಜನಗರ ತಾ.): ಇಲ್ಲಿನ ರೈತನ ಜಮೀನಿನ ಪಹಣಿ ಇಂದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿಲ್ಲ, ಗಣಕಯಂತ್ರದಲ್ಲಿದೆ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಎರಡು ದಶಕಗಳ ಹಿಂದೆಯೇ ಗಣಕೀಕೃತಗೊಂಡವು. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿದ್ದು, ಬೆಳೆಸಾಲದ ಲೆಕ್ಕವೂ ಅದೇ ಹಾದಿ ಹಿಡಿದಿದೆ. ಕಾಗದ ಮರೆಯಾದ ಮೇಲೆ ಗಣಕಯಂತ್ರದ ದಾಖಲೆಯೇ ಕೈತಪ್ಪಿದರೆ ಸಾಲ ತೀರಿಸಿದ್ದಕ್ಕೆ ಸಾಕ್ಷಿ ಏನು ಎಂಬ ಪ್ರಶ್ನೆ ಏಳುವುದು ಸಹಜ.

ಈ ಭಯ ಕಾಲ್ಪನಿಕವಲ್ಲ. ‘ರ್‍ಯಾನ್ಸಮ್‌ವೇರ್’ ಎಂಬ ದುಷ್ಟ ತಂತ್ರಾಂಶವು ಗಣಕಯಂತ್ರಕ್ಕೆ ನುಗ್ಗಿ ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸುತ್ತದೆ. ಅದನ್ನು ಬಿಡಿಸುವ ಕೀಲಿ ದುಷ್ಕರ್ಮಿಗಳ ಬಳಿ ಇರುತ್ತದೆ. ಅದಕ್ಕಾಗಿ ಅವರು ಹಣ ಕೇಳುತ್ತಾರೆ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಇಂತಹ ತಂತ್ರಾಂಶ ಸುಮಾರು 150 ದೇಶಗಳಿಗೆ ಹರಡಿತ್ತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆ ದಾಳಿಗೆ ಸಿಲುಕಿದಾಗ, ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿತು.

ಪ್ರತಿಯೂ ಗುರಿ

ದಾಖಲೆಯ ಇನ್ನೊಂದು ಪ್ರತಿ, ಅಂದರೆ ‘ಬ್ಯಾಕಪ್’, ಇದ್ದರೆ ಹಣ ಕೊಡಬೇಕಾದ ಪ್ರಮೇಯವೇ ಬಾರದು. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಇದು ಸಾಬೀತಾಯಿತು. 2022ರ ನವೆಂಬರ್ 23ರಂದು ಅಲ್ಲಿನ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿ ಗೂಢಲಿಪಿಗೆ ತಿರುಗಿತು. ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಲ್ಲೇ ನಡೆಸಬೇಕಾಯಿತು. ದಾಳಿಗೆ ಸಿಲುಕದ ಒಂದು ಬ್ಯಾಕಪ್ ಸರ್ವರ್‌ನಿಂದ ‘ಇ-ಹಾಸ್ಪಿಟಲ್’ ಮಾಹಿತಿಯನ್ನೆಲ್ಲ ಮರಳಿ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ದುಷ್ಕರ್ಮಿಗಳಿಗೂ ಈ ಸತ್ಯ ಗೊತ್ತಿದೆ. ಆದ್ದರಿಂದ ಅವರು ನುಗ್ಗಿದ ಕೂಡಲೇ ಬೀಗ ಹಾಕುವುದಿಲ್ಲ. ಕೆಲವು ದಿನ ಅಥವಾ ವಾರ ಸದ್ದಿಲ್ಲದೆ ಒಳಗಿದ್ದು, ಮೇಲ್ವಿಚಾರಕರ ಪಾಸ್‌ವರ್ಡ್ ಸಂಪಾದಿಸಿ, ಮೊದಲು ಬ್ಯಾಕಪ್ ಪ್ರತಿಗಳನ್ನು ಹುಡುಕಿ ಅಳಿಸುತ್ತಾರೆ. ಭದ್ರತಾ ಸಂಸ್ಥೆ ಸೋಫೋಸ್ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದಾಳಿಗೊಳಗಾದ ಸಂಸ್ಥೆಗಳ ಪೈಕಿ ಶೇ 94ರಷ್ಟು ತಮ್ಮ ಬ್ಯಾಕಪ್ ಮೇಲೂ ದಾಳಿಯ ಯತ್ನ ನಡೆಯಿತೆಂದು ಹೇಳಿದ್ದವು. ಅಂತಹ ಯತ್ನಗಳಲ್ಲಿ ಶೇ 57ರಷ್ಟು ಸಫಲವಾಗಿದ್ದವು.

ಕಲ್ಲಿನ ಬರಹದಂತೆ

ಇದಕ್ಕೆ ತಜ್ಞರು ಸೂಚಿಸುವ ಉತ್ತರ ‘ಇಮ್ಯೂಟಬಲ್ ಸ್ಟೋರೇಜ್’, ಅಂದರೆ ತಿದ್ದಲಾಗದ ಸಂಗ್ರಹ. ಇದರಲ್ಲಿ ಒಮ್ಮೆ ಬರೆದ ಕಡತವನ್ನು ಎಷ್ಟು ಸಲ ಬೇಕಾದರೂ ಓದಬಹುದು. ಆದರೆ ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ ತಿದ್ದುವಂತಿಲ್ಲ, ಅಳಿಸುವಂತಿಲ್ಲ.

ಈ ಕಲ್ಪನೆ ಉಮ್ಮತ್ತೂರಿನ ನೆಲಕ್ಕೆ ಹೊಸದೇನಲ್ಲ. 16ನೇ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನಿಗೆ ಸೋತ ಉಮ್ಮತ್ತೂರಿನ ಅರಸು ಮನೆತನ ಇಂದಿಲ್ಲ. ಆದರೆ ಆ ಕಾಲದ ಶಾಸನಗಳು ಉಳಿದಿವೆ. ಕಲ್ಲಿನಲ್ಲಿ ಕೊರೆದ ದಾನದ ವಿವರವನ್ನು ಮುಂದೆ ಬಂದವರು ಯಾರಿಗೂ ತಿಳಿಯದಂತೆ ತಿದ್ದುವುದು ಕಷ್ಟವಿತ್ತು. ಜೊತೆಗೆ ಬಿ.ಎಲ್. ರೈಸ್ ಅವರು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಪಾಠಗಳನ್ನು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ, ಕಲ್ಲು ಸವೆದರೂ ಓದಲು ಬೇರೆಡೆ ಪ್ರತಿಯಿದೆ.

ಗಣಕಯಂತ್ರದಲ್ಲಿ ಇದೇ ಗುಣವನ್ನು ಹಲವು ಬಗೆಯಲ್ಲಿ ತರಬಹುದು. ಒಮ್ಮೆ ಮಾತ್ರ ಬರೆಯಬಹುದಾದ ಸಿ.ಡಿ. ಹಾಗೂ ಟೇಪ್ ಹಳೆಯ ದಾರಿ. ಕ್ಲೌಡ್ ಸಂಗ್ರಹದಲ್ಲಿ ಅಮೆಜಾನ್ ಸಂಸ್ಥೆ 2018ರಲ್ಲಿ ‘ಆಬ್ಜೆಕ್ಟ್ ಲಾಕ್’ ಸೌಲಭ್ಯ ಆರಂಭಿಸಿತು. ಇದರಲ್ಲಿ ಎರಡು ವಿಧಗಳಿವೆ. ‘ಗವರ್ನೆನ್ಸ್’ ವಿಧದಲ್ಲಿ ವಿಶೇಷ ಅಧಿಕಾರವುಳ್ಳವರು ಬೀಗ ತೆಗೆಯಬಲ್ಲರು. ‘ಕಂಪ್ಲಯನ್ಸ್’ ವಿಧದಲ್ಲಿ ಖಾತೆಯ ಮಾಲೀಕರೂ ಅವಧಿಗೆ ಮುನ್ನ ಕಡತ ಅಳಿಸಲಾರರು. ಮೇಲ್ವಿಚಾರಕರ ಪಾಸ್‌ವರ್ಡ್ ಕಳವಾದರೂ ಪ್ರತಿ ಉಳಿಯುವುದು ಎರಡನೆಯ ವಿಧದಲ್ಲಿ ಮಾತ್ರ.

ಮಿತಿಗಳೂ ಉಂಟು

ಇದು ಸರ್ವರೋಗಕ್ಕೂ ಮದ್ದಲ್ಲ. ದುಷ್ಕರ್ಮಿಗಳು ಮಾಹಿತಿಯನ್ನು ಕದ್ದು, ಬಹಿರಂಗಪಡಿಸುವುದಾಗಿ ಬೆದರಿಸಿದರೆ ಬೀಗದಿಂದ ಪ್ರಯೋಜನವಿಲ್ಲ. ಸೋಂಕು ತಗುಲಿದ ಬಳಿಕ ತೆಗೆದ ಪ್ರತಿಯಲ್ಲಿ ಸೋಂಕೂ ಭದ್ರವಾಗಿರುತ್ತದೆ. ಬೀಗದ ಅವಧಿ ಒಂದು ವಾರವಾಗಿದ್ದು, ದುಷ್ಕರ್ಮಿ ಒಂದು ತಿಂಗಳು ಅಡಗಿ ಕುಳಿತರೆ, ಶುದ್ಧ ಪ್ರತಿ ಒಂದೂ ಉಳಿಯದಿರಬಹುದು. ಅವಧಿಯನ್ನು ಹೆಚ್ಚಿಸಿದಷ್ಟೂ ಸಂಗ್ರಹದ ವೆಚ್ಚ ಏರುತ್ತದೆ.

ದುಬಾರಿ ವ್ಯವಸ್ಥೆ ಕೊಳ್ಳಲಾಗದ ಸಣ್ಣ ಸಂಘ, ಶಾಲೆ, ಅಂಗಡಿಗಳಿಗೂ ದಾರಿ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ, ಒಂದು ಪ್ರತಿ ಸಂಪರ್ಕವಿಲ್ಲದೆ ಅಥವಾ ತಿದ್ದಲಾಗದಂತೆ ಎಂಬುದು ತಜ್ಞರ ಸೂತ್ರ. ಸದಾ ಗಣಕಯಂತ್ರಕ್ಕೆ ಚುಚ್ಚಿಟ್ಟ ಹಾರ್ಡ್ ಡಿಸ್ಕ್ ಬ್ಯಾಕಪ್ ಎನಿಸದು, ದಾಳಿಯಲ್ಲಿ ಅದೂ ಹೋಗುತ್ತದೆ. ಎರಡು ಡಿಸ್ಕ್‌ಗಳನ್ನು ವಾರಕ್ಕೊಂದರಂತೆ ಬದಲಿಸಿ, ಪ್ರತಿ ತೆಗೆದೊಡನೆ ಕಳಚಿ, ಒಂದನ್ನು ಬೇರೆಡೆ ಕಪಾಟಿನಲ್ಲಿಡುವುದು ಕಡಿಮೆ ಖರ್ಚಿನ ಉಪಾಯ. ಮೂರು ತಿಂಗಳಿಗೊಮ್ಮೆಯಾದರೂ ಆ ಪ್ರತಿಯಿಂದ ಕಡತಗಳನ್ನು ಮರಳಿ ತೆರೆದು ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ದಾಳಿ ನಡೆದರೆ ಸೋಂಕಿತ ಯಂತ್ರವನ್ನು ಕೂಡಲೇ ಜಾಲದಿಂದ ಬೇರ್ಪಡಿಸಬೇಕು. 2022ರ ಏಪ್ರಿಲ್‌ನ ನಿರ್ದೇಶನದಂತೆ ಸಂಸ್ಥೆಗಳು ಆರು ಗಂಟೆಯೊಳಗೆ ಸಿ.ಇ.ಆರ್.ಟಿ.-ಇನ್ ಸಂಸ್ಥೆಗೆ ವರದಿ ಮಾಡಬೇಕು. ಹಣ ತೆತ್ತರೂ ಕೀಲಿ ಸಿಗುತ್ತದೆಂಬ ಖಾತರಿ ಇಲ್ಲ. ಆ ಹೊತ್ತಿಗೆ ಕೈಹಿಡಿಯುವುದು ಮೊದಲೇ ತೆಗೆದಿಟ್ಟ, ಯಾರೂ ಅಳಿಸಲಾಗದ ಪ್ರತಿ ಮಾತ್ರ.