ಥರ್ಮಲ್ ಕ್ಯಾಮೆರಾ ತಪಾಸಣೆ: ರಜೆಯ ದಿನ ಬೇಡ, ಊಟದ ಗಡಿಬಿಡಿಯಲ್ಲೇ ಮಾಡಿಸಿ



ನಮ್ಮಲ್ಲಿ ಹೆಚ್ಚಿನವರ ಹೋಟೆಲುಗಳಲ್ಲಿ ವಿದ್ಯುತ್ ಪ್ಯಾನೆಲ್ ಇರುವುದು ಮೆಟ್ಟಿಲಿನ ಕೆಳಗೆ, ಇಲ್ಲವೆ ಅಡುಗೆಮನೆಯ ಹಿಂದಿನ ಇಕ್ಕಟ್ಟಿನಲ್ಲಿ. ಅದರ ಮುಂದೆ ಈರುಳ್ಳಿ ಚೀಲ, ಎಣ್ಣೆ ಡಬ್ಬ, ಮುರಿದ ಕುರ್ಚಿ. ಕರೆಂಟ್ ಹೋದಾಗ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದು ಕಟ್ಟಿದ ಹೋಟೆಲು ಮತ್ತು ಮೇಲಿನ ಮಾಳಿಗೆಯಲ್ಲಿ ಮಲಗುವ ಹುಡುಗರ ಜೀವ ಆ ಪೆಟ್ಟಿಗೆಯೊಳಗಿನ ಕೆಲವು ತಿರುಪುಗಳನ್ನು ನೆಚ್ಚಿಕೊಂಡಿವೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ.

ತಿರುಪು ಸಡಿಲವಾಗುವುದು ಯಾರ ತಪ್ಪಿನಿಂದಲೂ ಆಗಬೇಕಾಗಿಲ್ಲ. ದಿನವೂ ಬಿಸಿಯಾಗಿ ತಣಿಯುವ ತಂತಿ ಹಿಗ್ಗುತ್ತದೆ, ಕುಗ್ಗುತ್ತದೆ. ಗ್ರೈಂಡರಿನ ಅದುರುವಿಕೆ, ಹಬೆ ಮತ್ತು ಎಣ್ಣೆಯ ಜಿಡ್ಡು ಉಳಿದ ಕೆಲಸ ಮಾಡುತ್ತವೆ. ಜೋಡಣೆ ಸಡಿಲವಾದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ ಅಲ್ಲಿ ಶಾಖ ಹುಟ್ಟುತ್ತದೆ. ಎಂ.ಸಿ.ಬಿ. ಇದೆಯಲ್ಲ ಎಂದು ಹಲವರು ಸಮಾಧಾನಪಡುತ್ತಾರೆ. ಆದರೆ ಎಂ.ಸಿ.ಬಿ. ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸಡಿಲ ಜೋಡಣೆಯಲ್ಲಿ ಕರೆಂಟ್ ಹೆಚ್ಚುವುದಿಲ್ಲ, ಶಾಖ ಮಾತ್ರ ಹೆಚ್ಚುತ್ತದೆ. ಸುಟ್ಟ ವಾಸನೆ ಬರುವವರೆಗೂ ಎಂ.ಸಿ.ಬಿ. ಸುಮ್ಮನಿರಬಹುದು.

ಈ ಶಾಖವನ್ನು ಮುಂಚಿತವಾಗಿ ಕಾಣಲು ಇರುವ ಸಾಧನವೇ ಇನ್‌ಫ್ರಾರೆಡ್ ಥರ್ಮಲ್ ಕ್ಯಾಮೆರಾ. ಪ್ರತಿಯೊಂದು ವಸ್ತುವೂ ತನ್ನ ಶಾಖಕ್ಕೆ ತಕ್ಕಂತೆ ಕಣ್ಣಿಗೆ ಕಾಣದ ಕಿರಣಗಳನ್ನು ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷಲ್ ಪತ್ತೆ ಹಚ್ಚಿದ ಈ ಕಿರಣಗಳನ್ನು ಕ್ಯಾಮೆರಾ ಗ್ರಹಿಸಿ ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಮುಟ್ಟಬೇಕಿಲ್ಲ, ಮೇನ್ ಆಫ್ ಮಾಡಬೇಕಿಲ್ಲ. 2014ರಲ್ಲಿ ಮೊಬೈಲ್ ಫೋನಿಗೆ ಸಿಕ್ಕಿಸುವ ಚಿಕ್ಕ ಕ್ಯಾಮೆರಾಗಳೂ ಮಾರುಕಟ್ಟೆಗೆ ಬಂದವು. ಅಂದಿನಿಂದ 'ಥರ್ಮಲ್ ತಪಾಸಣೆ ಮಾಡುತ್ತೇವೆ' ಎಂದು ಬಾಗಿಲಿಗೆ ಬರುವವರೂ ಹೆಚ್ಚಾಗಿದ್ದಾರೆ. ಇಲ್ಲೇ ನಾವು ಎಚ್ಚರ ವಹಿಸಬೇಕು.

ನಮ್ಮ ಪರಿಚಯದ ಹೋಟೆಲೊಂದರಲ್ಲಿ ಮಾಲೀಕರು ಗಿರಾಕಿಗಳಿಗೆ ತೊಂದರೆಯಾಗದಿರಲೆಂದು ವಾರದ ರಜೆಯ ದಿನ ತಪಾಸಣೆ ಮಾಡಿಸಿದರು. ಚಿತ್ರಗಳೆಲ್ಲ ನೀಲಿ ಬಣ್ಣದಲ್ಲಿ ಬಂದವು, 'ದೋಷವಿಲ್ಲ' ಎಂಬ ವರದಿಯೂ ಸಿಕ್ಕಿತು. ಕೆಲವೇ ವಾರಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಎ.ಸಿ. ಲೈನಿನ ಕೇಬಲ್ ತುದಿ ಕರಗಿತು. ಹಳೆಯ ಸಪ್ಲೈಯರ್ ಒಬ್ಬರು ವಾಸನೆ ಹಿಡಿದು ಮೇನ್ ಆಫ್ ಮಾಡಿದ್ದರಿಂದ ಅನಾಹುತ ತಪ್ಪಿತು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ತಪಾಸಣೆಯ ದಿನ ಆ ಲೈನಿನಲ್ಲಿ ಕರೆಂಟೇ ಹರಿಯುತ್ತಿರಲಿಲ್ಲ.

ಲೆಕ್ಕ ಸರಳ. ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಊಟದ ಹೊತ್ತಿನಲ್ಲಿ 60 ಆಂಪಿಯರ್ ಹರಿಯುವ ಕಡೆ ರಜೆಯ ದಿನ 15 ಆಂಪಿಯರ್ ಹರಿದರೆ ಕರೆಂಟ್ ಕಾಲು ಭಾಗವಾಯಿತು, ಆದರೆ ಶಾಖ ಹದಿನಾರನೆಯ ಒಂದು ಭಾಗಕ್ಕೆ ಇಳಿಯಿತು. ತಪಾಸಣೆಯ ವೇಳೆ ಕನಿಷ್ಠ ಶೇಕಡಾ 40ರಷ್ಟಾದರೂ ಲೋಡ್ ಇರಬೇಕೆಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿ. ಆದ್ದರಿಂದ ಎ.ಸಿ., ಗ್ರೈಂಡರ್, ಫ್ರೀಜರ್, ಎಗ್ಸಾಸ್ಟ್ ಎಲ್ಲವೂ ಅರ್ಧ ಗಂಟೆಯಾದರೂ ಓಡಿದ ಮೇಲೆ, ಮಧ್ಯಾಹ್ನದ ಗಡಿಬಿಡಿಯಲ್ಲೇ ಚಿತ್ರ ತೆಗೆಯಬೇಕು. ಜನರೇಟರ್ ಇದ್ದವರು ಅದರ ಚೇಂಜ್‌ಓವರ್ ಸ್ವಿಚ್ಚನ್ನೂ ಲೋಡ್ ಕೊಟ್ಟು ನೋಡಿಸಿರಿ.

ಕ್ಯಾಮೆರಾ ಕೊಂಡ ಮಾತ್ರಕ್ಕೆ ಚಿತ್ರ ಓದಲು ಬಂದಂತಲ್ಲ. ತರಬೇತಿ ಇಲ್ಲದವರು ಸಾಮಾನ್ಯವಾಗಿ ಮಾಡುವ ತಪ್ಪುಗಳು ಹೀಗಿವೆ:

1. ಹೊಳೆಯುವ ಲೋಹ. ಮಿರುಗುವ ತಾಮ್ರದ ಪಟ್ಟಿ, ಸ್ಟೀಲ್ ಮೇಜು ಇವು ಈ ಕಿರಣಗಳಿಗೆ ಕನ್ನಡಿಯಿದ್ದಂತೆ. ಬಿಸಿ ಪಟ್ಟಿಯೂ ತಣ್ಣಗೆ ಕಾಣಬಹುದು, ಎದುರಿಗೆ ನಿಂತವನ ಮೈಶಾಖವೇ ದೋಷದಂತೆ ಕಾಣಬಹುದು. ಪಕ್ಕದ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನೋ, ಮೇನ್ ಆಫ್ ಇದ್ದಾಗ ಮೊದಲೇ ಅಂಟಿಸಿಟ್ಟ ಇನ್ಸುಲೇಷನ್ ಟೇಪನ್ನೋ ನೋಡಿ ಅಳೆಯುವುದು ಸರಿಯಾದ ಕ್ರಮ.

2. ಮುಚ್ಚಿದ ಬಾಗಿಲು. ಗಾಜು, ಅಕ್ರಿಲಿಕ್ ಹಾಳೆ, ಪ್ಯಾನೆಲ್ ಬಾಗಿಲು ಇವುಗಳ ಮೂಲಕ ಕ್ಯಾಮೆರಾ ಒಳಗಿನದನ್ನು ಕಾಣದು. ಮುಚ್ಚಳ ತೆಗೆಯದೆ ಕೊಟ್ಟ ವರದಿಗೆ ಬೆಲೆಯಿಲ್ಲ.

3. ದೂರ. 80×60 ಚುಕ್ಕಿಗಳ ಕ್ಯಾಮೆರಾದಲ್ಲಿ ಒಟ್ಟು 4,800 ಚುಕ್ಕಿಗಳಿದ್ದರೆ 320×240ರಲ್ಲಿ 76,800. ಚಿಕ್ಕ ಕ್ಯಾಮೆರಾದಲ್ಲಿ ದೂರದಿಂದ ನೋಡಿದರೆ ತಿರುಪಿನ ಶಾಖ ಸುತ್ತಲಿನ ತಂಪಿನೊಡನೆ ಬೆರೆತು ಕಡಿಮೆಯಾಗಿ ಕಾಣುತ್ತದೆ.

4. ಬಣ್ಣದ ಮೋಹ. ಬಣ್ಣವನ್ನು ಕ್ಯಾಮೆರಾದಲ್ಲಿ ಬೇಕಾದಂತೆ ಬದಲಿಸಬಹುದು. ಕೆಂಪು ಇದ್ದಲ್ಲೆಲ್ಲ ಅಪಾಯವಿಲ್ಲ. ಅಂಕಿ ನೋಡಬೇಕು, ಒಂದು ಫೇಸನ್ನು ಇನ್ನೊಂದರೊಡನೆ ಹೋಲಿಸಬೇಕು.

ಉದಾಹರಣೆಗೆ, ಸಮಾನ ಲೋಡ್ ಇರುವ ಮೂರು ಫೇಸುಗಳಲ್ಲಿ ಎರಡು 45 ಡಿಗ್ರಿ ಸೆಲ್ಸಿಯಸ್ ಇದ್ದು ಮೂರನೆಯದು 65 ಡಿಗ್ರಿ ಇದ್ದರೆ ವ್ಯತ್ಯಾಸ 20 ಡಿಗ್ರಿ. ಅಮೆರಿಕದ ವಿದ್ಯುತ್ ಪರೀಕ್ಷಕರ ಸಂಸ್ಥೆ ನೇಟಾದ ಮಾರ್ಗಸೂಚಿಯಂತೆ ಇಂಥ ವ್ಯತ್ಯಾಸ 15 ಡಿಗ್ರಿ ಮೀರಿದರೆ ಕೂಡಲೇ ದುರಸ್ತಿ ಮಾಡಿಸಬೇಕು.

ಇದನ್ನೆಲ್ಲ ಕಲಿಸಲು ಕ್ರಮಬದ್ಧ ತರಬೇತಿಯಿದೆ. ಥರ್ಮೋಗ್ರಫಿ ಮಾಡುವವರ ಅರ್ಹತೆಗೆ ಐ.ಎಸ್.ಒ. 18436ರ 7ನೇ ಭಾಗ ಮೂರು ದರ್ಜೆಗಳನ್ನು ಗೊತ್ತುಪಡಿಸಿದೆ. ಸ್ಥೂಲವಾಗಿ ಹೇಳುವುದಾದರೆ, ಮೊದಲ ದರ್ಜೆಯವರು ನಿಗದಿತ ಕ್ರಮದಂತೆ ಚಿತ್ರ ತೆಗೆಯಬಲ್ಲರು, ಎರಡನೆಯ ದರ್ಜೆಯವರು ಕಾರಣ ವಿಶ್ಲೇಷಿಸಬಲ್ಲರು, ಮೂರನೆಯವರು ತಪಾಸಣೆಯ ವ್ಯವಸ್ಥೆಯನ್ನೇ ರೂಪಿಸಬಲ್ಲರು. ನಮ್ಮ ಕೆಲಸಕ್ಕೆ ಬರುವವರು ಕನಿಷ್ಠ ಮೊದಲ ದರ್ಜೆಯ ಪ್ರಮಾಣಪತ್ರ ಉಳ್ಳವರಾಗಿರಲಿ, ವರದಿಯನ್ನು ಎರಡನೆಯ ದರ್ಜೆಯವರು ನೋಡಿರಲಿ. ವರದಿಯಲ್ಲಿ ಥರ್ಮಲ್ ಚಿತ್ರದ ಜೊತೆಗೆ ಸಾಮಾನ್ಯ ಫೋಟೋ, ಆಗ ಹರಿಯುತ್ತಿದ್ದ ಆಂಪಿಯರ್, ದಿನಾಂಕ ಮತ್ತು ವೇಳೆ ಇರಲೇಬೇಕು. ದುರಸ್ತಿಯಾದ ಮೇಲೆ ಅದೇ ಲೋಡಿನಲ್ಲಿ ಮತ್ತೊಂದು ಚಿತ್ರ ತೆಗೆಸಿರಿ.

ಓಡುತ್ತಿರುವ ಪ್ಯಾನೆಲಿನ ಮುಚ್ಚಳ ತೆಗೆಯುವುದು ಪ್ರಾಣಾಪಾಯದ ಕೆಲಸ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗವಸು, ಮುಖರಕ್ಷೆ ಧರಿಸಿಯೇ ತೆಗೆಯಲಿ. ಮಾಲೀಕರಾಗಲಿ ಹುಡುಗರಾಗಲಿ ಹತ್ತಿರ ನಿಲ್ಲಬಾರದು.

ಅದೇ ಕ್ಯಾಮೆರಾದಿಂದ ಕೋಲ್ಡ್ ರೂಮ್, ಫ್ರೀಜರ್ ಬಾಗಿಲಿನ ರಬ್ಬರ್ ಹರಿದು ತಂಪು ಸೋರುವ ಜಾಗವನ್ನೂ ಹುಡುಕಬಹುದು. ಆದರೆ ಎರಡು ಕೆಲಸಕ್ಕೆ ಅದನ್ನು ನಂಬಬೇಡಿ. ಸಾಂಬಾರಿನ ಪಾತ್ರೆಯಲ್ಲಿ ಅದು ಕಾಣುವುದು ಮೇಲ್ಮೈ ಶಾಖವನ್ನು ಮಾತ್ರ. ಬಿಸಿ ಆಹಾರ 60 ಡಿಗ್ರಿಗಿಂತ ಮೇಲೆ, ತಂಪಿನದು 5 ಡಿಗ್ರಿಗಿಂತ ಕೆಳಗೆ ಇದೆಯೇ ಎಂದು ತಿಳಿಯಲು ಒಳಗೆ ಚುಚ್ಚುವ ಥರ್ಮಾಮೀಟರೇ ಬೇಕು. ಹಾಗೆಯೇ ಸಾಮಾನ್ಯ ಥರ್ಮಲ್ ಕ್ಯಾಮೆರಾಕ್ಕೆ ಅಡುಗೆ ಅನಿಲದ ಸೋರಿಕೆ ಕಾಣುವುದಿಲ್ಲ. ಅದಕ್ಕೆ ಗ್ಯಾಸ್ ಡಿಟೆಕ್ಟರ್ ಇರಲೇಬೇಕು.

ಚಿಕ್ಕ ಹೋಟೆಲಿನವರಿಗೆ ಒಬ್ಬರೇ ಖರ್ಚು ಭರಿಸುವುದು ಹೊರೆಯೆನಿಸಬಹುದು. ಒಂದೇ ರಸ್ತೆಯ ನಾಲ್ಕೈದು ಹೋಟೆಲುಗಳವರು ಸೇರಿ ಒಬ್ಬ ಅರ್ಹರನ್ನು ಕರೆಸಿದರೆ ತಲಾ ಖರ್ಚು ಕಡಿಮೆಯಾಗುತ್ತದೆ. ಒಬ್ಬೊಬ್ಬರದ್ದೂ ಗಡಿಬಿಡಿಯ ವೇಳೆಯಲ್ಲೇ ಆಗುವಂತೆ ಮಧ್ಯಾಹ್ನ, ರಾತ್ರಿ ಎಂದು ಹಂಚಿಕೊಳ್ಳಿರಿ. ಅದಕ್ಕೂ ಮೊದಲು, ಖರ್ಚಿಲ್ಲದ ಒಂದು ಕೆಲಸವನ್ನು ಇಂದೇ ಮಾಡಿರಿ ಎಂದು ನಾವು ಕೇಳಿಕೊಳ್ಳುತ್ತೇವೆ: ಪ್ಯಾನೆಲಿನ ಮುಂದಿರುವ ಚೀಲ, ಡಬ್ಬಗಳನ್ನು ಅಲ್ಲಿಂದ ತೆಗೆಸಿರಿ.