ಗುಟ್ಟಾಗಿರಲೆಂದು ಹುಟ್ಟದ ಸಂಖ್ಯೆ

ಆನ್‌ಲೈನಿನಲ್ಲಿ ಹಣ ಕಟ್ಟುತ್ತಿರುವವರು ಕಾರ್ಡಿನ ಒಡೆಯರೇ ಹೌದೇ ಎಂದು ಖಚಿತಪಡಿಸಿಕೊಳ್ಳುವ ವಿಧಾನಗಳ ಕುರಿತು ಭಾರತೀಯ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್ 25ರಂದು ಹೊಸ ನಿರ್ದೇಶನಗಳನ್ನು ಹೊರಡಿಸಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಿತು. ಇನ್ನು ಮೇಲೆ ಒಟಿಪಿಯ ಜಾಗದಲ್ಲಿ ಬೆರಳಚ್ಚು ಬರುವುದೇ ಎಂಬ ಪ್ರಶ್ನೆಯೇ ಹೆಚ್ಚಿನವರ ಗಮನ ಸೆಳೆದರೂ, ವಿದೇಶದ ಅಂಗಡಿಗಳಿಂದ ಸಾಮಾನು ತರಿಸಿಕೊಳ್ಳುವವರಿಗೆ ಅದೇ ನಿರ್ದೇಶನಗಳಲ್ಲಿರುವ ಮತ್ತೊಂದು ಅಂಶವೇ ಮುಖ್ಯವಾದುದು. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಕಾರ್ಡಿನ ಮೇಲಿರುವ ಸಂಖ್ಯೆ ಯಾವ ಉದ್ದೇಶಕ್ಕೆ ಹುಟ್ಟಿತು ಎಂಬುದರಿಂದಲೇ ಆರಂಭಿಸಬೇಕಾಗುತ್ತದೆ. ಅದಕ್ಕೂ ಮುನ್ನ, ಹೀಗೆ ಸಾಮಾನು ತರಿಸಿಕೊಳ್ಳುವವರ ಒಂದು ಉದಾಹರಣೆ.

ಹೈದರಾಬಾದಿನಿಂದ ಜಹೀರಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವವರು ಹಾದುಹೋಗುವ ಪಟಾನ್‌ಚೆರು ಮೇಲುನೋಟಕ್ಕೆ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಊರು. ಆದರೆ 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಅಮೀನ್‌ಪುರ ಕೆರೆ ಅದರ ಮಗ್ಗುಲಲ್ಲಿದೆ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಶಾಲವಾದ ಆವರಣವೂ ಅಲ್ಲಿಯೇ ಇದೆ, ಎರಡೂ ಕಡೆ ಹಕ್ಕಿಗಳು ಧಾರಾಳವಾಗಿವೆ. ಹೀಗಾಗಿ ಹಕ್ಕಿಗಳನ್ನು ನೋಡುವ, ಅವುಗಳ ಫೋಟೊ ತೆಗೆಯುವ ಹವ್ಯಾಸಕ್ಕೆ ಅದು ಹೇಳಿ ಮಾಡಿಸಿದ ಜಾಗ. ಈ ಹವ್ಯಾಸದವರು ಕ್ಯಾಮೆರಾವನ್ನೂ ದುರ್ಬೀನನ್ನೂ ಊರಿನ ಅಂಗಡಿಯಲ್ಲೋ ದೊಡ್ಡ ಆನ್‌ಲೈನ್ ಮಳಿಗೆಗಳಲ್ಲೋ ಕೊಳ್ಳಬಲ್ಲರು. ಭಾರವಾದ ಲೆನ್ಸನ್ನು ಟ್ರೈಪಾಡಿನ ಮೇಲೆ ಸಲೀಸಾಗಿ ತಿರುಗಿಸಲು ಬೇಕಾದ ಗಿಂಬಲ್ ಹೆಡ್, ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಉಂಗುರ, ಗಿಡಗಂಟಿಯ ಬಣ್ಣದ ಲೆನ್ಸ್ ಹೊದಿಕೆ ಇಂಥವು ಮಾತ್ರ ಹಲವು ಬಾರಿ ಎಲ್ಲೋ ದೂರದೇಶದಲ್ಲಿ ಒಬ್ಬಿಬ್ಬರೇ ನಡೆಸುವ ಪುಟ್ಟ ಜಾಲತಾಣಗಳಲ್ಲಿ ಸಿಗುತ್ತವೆ. ಮಾಲು ಕಳಿಸುವುದರಲ್ಲಿ ಪ್ರಾಮಾಣಿಕರಾದ ಆ ಅಂಗಡಿಯವರಿಗೆ ತಮ್ಮ ತಾಣದ ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಧಾನವಾಗಲಿ, ಅದನ್ನು ಕಾಯುವ ಸಿಬ್ಬಂದಿಯಾಗಲಿ ಇರುವುದು ಅಪರೂಪ.

ಇಂಥ ತಾಣದಲ್ಲಿ ಟೈಪ್ ಮಾಡುವ ಕಾರ್ಡ್ ಸಂಖ್ಯೆಯ ಕಥೆಯಲ್ಲಿ ಮೊದಲು ನೆನೆಯಬೇಕಾದವನು ಹ್ಯಾನ್ಸ್ ಪೀಟರ್ ಲೂನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಬಟ್ಟೆಯಲ್ಲಿ ಇಂಚಿಗೆ ಎಷ್ಟು ನೂಲುಗಳಿವೆ ಎಂದು ಅಳೆಯುವ ಲೂನೋಮೀಟರ್ ಎಂಬ ಉಪಕರಣವನ್ನು ರೂಪಿಸಿ, ಬಳಿಕ ಐಬಿಎಂ ಕಂಪನಿಯಲ್ಲಿ ಎಂಜಿನಿಯರನಾದ ಈತ, ಸಂಖ್ಯೆಗಳನ್ನು ಬರೆದುಕೊಳ್ಳುವಾಗ ಆಗುವ ತಪ್ಪುಗಳನ್ನು ಹಿಡಿಯುವ ಪುಟ್ಟ ಯಂತ್ರವೊಂದಕ್ಕೆ 1954ರಲ್ಲಿ ಅರ್ಜಿ ಹಾಕಿ 1960ರಲ್ಲಿ ಪೇಟೆಂಟ್ ಪಡೆದನು. ಅವನ ಸೂತ್ರ ಬಹಳ ಸರಳವಾದುದು. ಉದಾಹರಣೆಗೆ 4817 ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಬಲತುದಿಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಗೊಳಿಸಬೇಕು, ಗುಣಲಬ್ಧ ಎರಡಂಕಿಯದಾದರೆ ಆ ಎರಡನ್ನೂ ಕೂಡಬೇಕು: 7 ಇಮ್ಮಡಿಯಾಗಿ 14, ಅಂದರೆ 5; 1 ಹಾಗೆಯೇ ಉಳಿಯುತ್ತದೆ; 8 ಇಮ್ಮಡಿಯಾಗಿ 16, ಅಂದರೆ 7; 4 ಹಾಗೆಯೇ. ಒಟ್ಟು ಮೊತ್ತ 17 ಆಗುವುದರಿಂದ ಅದನ್ನು 20ಕ್ಕೆ ಮುಟ್ಟಿಸಲು ಬೇಕಾದ 3 ಎಂಬ ತಾಳೆ ಅಂಕಿಯನ್ನು ಕೊನೆಗೆ ಸೇರಿಸಿದರೆ ಪೂರ್ಣ ಸಂಖ್ಯೆ 48173. ಯಾರಾದರೂ ಕೈತಪ್ಪಿ ಇದನ್ನು 41873 ಎಂದು ಬರೆದರೆ ಮೊತ್ತ 22 ಆಗಿ, ಹತ್ತರಿಂದ ಭಾಗವಾಗದೆ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಒಂದೇ ಅಂಕಿ ತಪ್ಪಿದ ಎಲ್ಲ ಸಂದರ್ಭಗಳನ್ನೂ, ಅಕ್ಕಪಕ್ಕದ ಅಂಕಿಗಳು ಅದಲುಬದಲಾದ ಸಂದರ್ಭಗಳಲ್ಲಿ 09 ಮತ್ತು 90ರ ಜೋಡಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಇದು ಹಿಡಿಯುತ್ತದೆ. ಇಂದು ಲೋಕದಲ್ಲಿ ಚಲಾವಣೆಯಲ್ಲಿರುವ ಹದಿನಾರು ಅಂಕಿಯ ಕಾರ್ಡುಗಳ ಕೊನೆಯ ಅಂಕಿ ಲೂನ್ ಕೊಟ್ಟ ಈ ತಾಳೆ ಅಂಕಿಯೇ.

ಲೂನ್‌ನ ಸೂತ್ರ ಕಾಯ್ದದ್ದು ಕೈತಪ್ಪುಗಳಿಂದಲೇ ಹೊರತು ಕಳ್ಳರಿಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಾರ್ಡಿನ ಸಂಖ್ಯೆಯನ್ನು ಉಬ್ಬಿಸಿ ಮುದ್ರಿಸಿದ್ದೇ ಅಂಗಡಿಯವನು ಅದನ್ನು ಕಾರ್ಬನ್ ಹಾಳೆಯ ಮೇಲೆ ಒತ್ತಿ ನಕಲು ತೆಗೆದುಕೊಳ್ಳಲಿ ಎಂದು. ಅದು ಎಲ್ಲರ ಕಣ್ಣಿಗೂ ಬೀಳಲೆಂದೇ ಹುಟ್ಟಿದ ವಿಳಾಸ. ಮೊದಲ ಆರು ಅಥವಾ ಎಂಟು ಅಂಕಿಗಳು ಕಾರ್ಡ್ ಕೊಟ್ಟ ಬ್ಯಾಂಕನ್ನು ಸೂಚಿಸುವುದರಿಂದ ಅವು ಗುಟ್ಟಲ್ಲ, ಕೊನೆಯದು ಲೆಕ್ಕದಿಂದ ಬರುವುದರಿಂದ ಅದೂ ಗುಟ್ಟಲ್ಲ. ಎಂಟಂಕಿಯ ಬ್ಯಾಂಕ್ ಸೂಚಿಯಿರುವ ಕಾರ್ಡಿನಲ್ಲಿ ನಿಜವಾಗಿ ಊಹಿಸಬೇಕಾದದ್ದು ಏಳೇ ಅಂಕಿ, ಅಂದರೆ ಒಂದು ಕೋಟಿ ಸಾಧ್ಯತೆ, ಗಣಕಯಂತ್ರಕ್ಕೆ ಇದು ದೊಡ್ಡ ಸಂಖ್ಯೆಯಲ್ಲ. ಅವಧಿ ಮುಗಿಯುವ ತಿಂಗಳಿಗೆ ಐದು ವರ್ಷದ ಲೆಕ್ಕದಲ್ಲಿ 60 ಸಾಧ್ಯತೆಗಳು, ಬೆನ್ನ ಮೇಲಿನ ಮೂರಂಕಿಯ ಸಿವಿವಿಗೆ 1000. ಒಂದೊಂದು ತಾಣದಲ್ಲಿ ಕೆಲವೇ ಪ್ರಯತ್ನಗಳಂತೆ ನೂರಾರು ತಾಣಗಳಿಗೆ ಹಂಚಿ ಈ ವಿವರಗಳನ್ನು ಕೆಲವೇ ಸೆಕೆಂಡುಗಳಲ್ಲಿ ಊಹಿಸಬಹುದೆಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಆಗ ಮಾಸ್ಟರ್‌ಕಾರ್ಡ್ ಜಾಲ ಈ ಹಂಚಿದ ಪ್ರಯತ್ನಗಳನ್ನು ಗುರುತಿಸಿ ತಡೆಯಿತು, ವೀಸಾ ಜಾಲ ತಡೆಯಲಿಲ್ಲ.

ಊಹಿಸುವುದಕ್ಕಿಂತಲೂ ಸುಲಭವಾದ ದಾರಿಯೆಂದರೆ, ಗ್ರಾಹಕರು ಸಂಖ್ಯೆಯನ್ನು ಟೈಪ್ ಮಾಡುತ್ತಿರುವಾಗಲೇ ನಕಲು ಮಾಡಿಕೊಳ್ಳುವುದು. ಅಂಗಡಿಯ ಪಾವತಿ ಪುಟದೊಳಗೆ ಕೆಲವು ಸಾಲುಗಳ ಪರಕೀಯ ತಂತ್ರಾಂಶ ಸಂಕೇತವನ್ನು ಸೇರಿಸಿಬಿಟ್ಟರೆ, ಖರೀದಿ ಎಂದಿನಂತೆ ನಡೆಯುತ್ತದೆ, ಮಾಲೂ ಮನೆಗೆ ಬರುತ್ತದೆ, ಕಾರ್ಡಿನ ವಿವರಗಳ ಒಂದು ಪ್ರತಿ ಮಾತ್ರ ಕಳ್ಳರ ಕೈ ಸೇರುತ್ತದೆ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ತಾಣಕ್ಕೆ ಹೊಕ್ಕ ಇಂಥ ಸಂಕೇತ ಕೇವಲ 22 ಸಾಲುಗಳದು. ಆ ದಾಳಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಅಪಾಯಕ್ಕೊಳಗಾಗಿ, 2020ರಲ್ಲಿ ಕಂಪನಿಗೆ ಎರಡು ಕೋಟಿ ಪೌಂಡ್ ದಂಡ ಬಿತ್ತು. ಇಷ್ಟು ದೊಡ್ಡ ಸಂಸ್ಥೆಗೇ ಎರಡು ವಾರ ತಿಳಿಯದ ಸಂಗತಿ ಗಿಂಬಲ್ ಹೆಡ್ ಮಾರುವ ಪುಟ್ಟ ಅಂಗಡಿಗೆ ಬಹುಕಾಲ ತಿಳಿಯದೆ ಹೋಗುವುದು ಸಹಜ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವ ಬೀಗದ ಚಿಹ್ನೆಯನ್ನು ಸುರಕ್ಷತೆಯ ಖಾತರಿಯೆಂದು ಸಾರುವ ಜಾಹೀರಾತುಗಳು ಗ್ರಾಹಕರ ದಾರಿ ತಪ್ಪಿಸುತ್ತವೆ: ಆ ಬೀಗ ಬ್ರೌಸರಿನಿಂದ ಅಂಗಡಿಯವರೆಗಿನ ದಾರಿಯನ್ನು ಕಾಯುತ್ತದೆ, ಈ ಕಳ್ಳತನವಾದರೋ ದಾರಿ ಹಿಡಿಯುವ ಮೊದಲೇ, ಪುಟದೊಳಗೇ ಆಗಿಹೋಗುತ್ತದೆ.

ಸಂಖ್ಯೆ ಗುಟ್ಟಾಗಿ ಉಳಿಯದ ಈ ಕೊರತೆಗೆ ಭಾರತದಲ್ಲಿ ಮದ್ದು ಬೇಗನೆ ಬಂತು ಎಂಬುದು ಹೆಮ್ಮೆಪಡಬೇಕಾದ ವಿಷಯ. ಕಾರ್ಡಿನ ಮೇಲೆ ಕಣ್ಣಿಗೆ ಕಾಣದ ಯಾವುದಾದರೊಂದು ಮಾಹಿತಿಯನ್ನು ಆನ್‌ಲೈನ್ ಖರೀದಿಯಲ್ಲಿ ಹೆಚ್ಚುವರಿಯಾಗಿ ಕೇಳಲೇಬೇಕೆಂದು ರಿಸರ್ವ್ ಬ್ಯಾಂಕು 2009ರ ಫೆಬ್ರುವರಿಯಲ್ಲಿ ಆದೇಶಿಸಿತು, ಅದೇ ವರ್ಷದ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಇಂದಿನ ಒಟಿಪಿಯ ಬೇರು ಅಲ್ಲಿದೆ. ಆದರೆ ಈ ಕಟ್ಟಳೆ ವಿದೇಶದ ಅಂಗಡಿಗಳಿಗೆ ಅನ್ವಯಿಸದ ಕಾರಣ, ಕದ್ದ ಭಾರತೀಯ ಕಾರ್ಡನ್ನು ಒಟಿಪಿಯ ಗೊಡವೆಯಿಲ್ಲದೆ ಅಲ್ಲಿ ಬಳಸುವ ಬಾಗಿಲು ತೆರೆದೇ ಉಳಿಯಿತು. ವಿದೇಶಿ ಅಂಗಡಿಯಾಗಲಿ ಅದರ ಬ್ಯಾಂಕಾಗಲಿ ಹೆಚ್ಚುವರಿ ದೃಢೀಕರಣವನ್ನು ಕೋರಿದರೆ ಅದನ್ನು ನಡೆಸಿಕೊಡುವ ವ್ಯವಸ್ಥೆಯನ್ನು ಕಾರ್ಡ್ ಕೊಟ್ಟ ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಮಾಡಿಕೊಳ್ಳಬೇಕೆಂಬುದೇ ಆರಂಭದಲ್ಲಿ ಸೂಚಿಸಿದ ಅಂಶ. ಇದರಿಂದ ಬಾಗಿಲು ಅರ್ಧ ಮುಚ್ಚುತ್ತದೆ ಎನ್ನಬಹುದಷ್ಟೆ, ಏಕೆಂದರೆ ಅಂಗಡಿ ಕೋರದಿದ್ದರೆ ದೃಢೀಕರಣವೂ ಇಲ್ಲ.

ಸಂಖ್ಯೆಯನ್ನು ಗುಟ್ಟಾಗಿಡುವುದು ಆಗದ ಮಾತಾದ್ದರಿಂದ ಅದನ್ನು ಅಂಗಡಿಗೆ ಕೊಡುವುದನ್ನೇ ನಿಲ್ಲಿಸುವುದು ಮೇಲು ಎಂಬ ಆಲೋಚನೆಯಿಂದ ಹುಟ್ಟಿದ್ದು ಟೋಕನ್ ಪದ್ಧತಿ. ಇದನ್ನು ವಿವರಿಸಲು ಪಟಾನ್‌ಚೆರುವಿನಲ್ಲೇ ಒಳ್ಳೆಯ ಹೋಲಿಕೆಯೊಂದಿದೆ. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್‌ನ ಬೀಜನಿಧಿಯಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮೊದಲಾದವುಗಳ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಮಾದರಿಗಳನ್ನು ತಣ್ಣನೆಯ ಕೋಣೆಗಳಲ್ಲಿ, ದೀರ್ಘಕಾಲದವನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಾಡಲಾಗಿದೆ. ಒಂದೊಂದು ಮಾದರಿಗೂ ಒಂದೊಂದು ದಾಖಲೆ ಸಂಖ್ಯೆ. ಬರ ತಾಳುವ ಗುಣಕ್ಕೆ ಹೆಸರಾದ ಕಡಲೆ ಮಾದರಿಯೊಂದರ ಸಂಖ್ಯೆ ಐಸಿಸಿ 4958. ಆ ಸಂಖ್ಯೆಯ ಚೀಟಿ ಯಾರ ಕೈಗೆ ಸಿಕ್ಕರೂ ಅದನ್ನು ಬಿತ್ತಿ ಕಡಲೆ ಬೆಳೆಯಲಾಗದು, ಅದರ ಅಂಕಿಗಳಿಂದ ಬೀಜದ ಗುಣವನ್ನೂ ಲೆಕ್ಕಹಾಕಲಾಗದು. ಸಂಖ್ಯೆಯನ್ನೂ ಬೀಜವನ್ನೂ ಜೋಡಿಸುವ ದಾಖಲೆ ಮತ್ತು ಕೋಣೆಯ ಕೀಲಿ ಸಂಸ್ಥೆಯ ಬಳಿಯೇ ಇವೆ. ಟೋಕನ್ ಕೂಡ ಹೀಗೆಯೇ, ಕಾರ್ಡಿನ ಸಂಖ್ಯೆಯ ಬದಲು ಅಂಗಡಿ ಇಟ್ಟುಕೊಳ್ಳುವ ಒಂದು ದಾಖಲೆ ಸಂಖ್ಯೆ. ಅದಕ್ಕೂ ನಿಜವಾದ ಸಂಖ್ಯೆಗೂ ಇರುವ ನಂಟು ರುಪೇ, ವೀಸಾ, ಮಾಸ್ಟರ್‌ಕಾರ್ಡ್‌ಗಳಂಥ ಜಾಲಗಳ ಅಥವಾ ಕಾರ್ಡ್ ಕೊಟ್ಟ ಬ್ಯಾಂಕಿನ ಭಂಡಾರದಲ್ಲಿ ಮಾತ್ರ ಇರುತ್ತದೆ. ಬೀಜನಿಧಿ ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರಿಗೆ ಬೀಜವನ್ನು ಹಂಚುತ್ತದೆ, ಟೋಕನ್ನಿನ ಭಂಡಾರವಾದರೋ ಇದಕ್ಕಿಂತ ಬಿಗಿ: ಒಂದು ಅಂಗಡಿಗೆ ಕೊಟ್ಟ ಟೋಕನ್ ಇನ್ನೊಂದು ಅಂಗಡಿಯಿಂದ ಬಂದರೆ ಅದು ಓಗೊಡುವುದಿಲ್ಲ. 2022ರ ಅಕ್ಟೋಬರ್ 1ರಿಂದ ಭಾರತದ ಅಂಗಡಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಗುರುತಿಗಾಗಿ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನು ಇಟ್ಟುಕೊಳ್ಳಲು ಅನುಮತಿಯಿದೆ. ಹೀಗಿರುವಾಗ, ಕಾರ್ಡನ್ನು ಉಳಿಸಲೇ ಎಂದು ಅಂಗಡಿ ಕೇಳಿದಾಗ ಗಾಬರಿಗೊಂಡು ಬೇಡವೆನ್ನುವುದಕ್ಕಿಂತ, ಒಪ್ಪಿ ಟೋಕನ್ ಪಡೆಯುವುದು ಹೆಚ್ಚು ಕ್ಷೇಮಕರ, ಏಕೆಂದರೆ ಪ್ರತಿ ಸಲವೂ ಪೂರ್ತಿ ಸಂಖ್ಯೆಯನ್ನು ಟೈಪ್ ಮಾಡುವವರೇ ಪುಟದೊಳಗಿನ ಕಳ್ಳಸಂಕೇತಕ್ಕೆ ಮತ್ತೆ ಮತ್ತೆ ಸಿಗುವವರು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಹಣ ಕಟ್ಟಿದರೂ ಅಂಗಡಿಗೆ ಕಾರ್ಡಿನ ಸಂಖ್ಯೆ ತಲುಪುವುದಿಲ್ಲ.

ಟೋಕನ್ ಸಿಗದ ವಿದೇಶದ ಪುಟ್ಟ ಅಂಗಡಿಯ ವಿಷಯದಲ್ಲಿ ಉಳಿಯುವ ಉಪಾಯವೆಂದರೆ ಬ್ಯಾಂಕಿನ ಆ್ಯಪಿನಲ್ಲಿರುವ ಸ್ವಿಚ್. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಆನ್‌ಲೈನ್ ಬಳಕೆ ಮತ್ತು ವಿದೇಶಿ ಬಳಕೆಗಳನ್ನು ಬೇರೆಬೇರೆಯಾಗಿ ಚಾಲೂ ಮಾಡುವ, ಬಂದ್ ಮಾಡುವ, ಮಿತಿ ಹಾಕುವ ಸೌಲಭ್ಯವನ್ನು ಪ್ರತಿ ಬ್ಯಾಂಕೂ ಕೊಡಬೇಕು. ಆರ್ಡರ್ ಮಾಡುವ ಹೊತ್ತಿಗೆ ವಿದೇಶಿ ಬಳಕೆಯನ್ನು ಚಾಲೂ ಮಾಡಿ, ವಸ್ತುವಿನ ಬೆಲೆಗಿಂತ ತುಸುವೇ ಹೆಚ್ಚಿನ ಮಿತಿ ಇಟ್ಟು, ಹಣ ಕಡಿತವಾದ ಸಂದೇಶ ಬಂದೊಡನೆ ಬಂದ್ ಮಾಡಿದರೆ, ಸಂಖ್ಯೆ ಆಮೇಲೆ ಎಲ್ಲಿಗೆ ಸೋರಿದರೂ ಅದರಿಂದ ಹೊರದೇಶದಲ್ಲಿ ಹಣ ಎಳೆಯುವ ಪ್ರಯತ್ನ ಬ್ಯಾಂಕಿನ ಹೊಸ್ತಿಲಲ್ಲೇ ನಿಲ್ಲುತ್ತದೆ. ಹವ್ಯಾಸಕ್ಕೆಂದೇ ಕಡಿಮೆ ಮಿತಿಯ ಪ್ರತ್ಯೇಕ ಕಾರ್ಡ್ ಇಟ್ಟುಕೊಳ್ಳುವುದೂ ಒಳ್ಳೆಯದು.

ಪಾರ್ಸೆಲ್ಲಿಗೆ ಕಾಯುತ್ತಿರುವ ದಿನಗಳಲ್ಲಿ ಸುಂಕ ಬಾಕಿಯಿದೆ, ಇಪ್ಪತ್ತೈದು ರೂಪಾಯಿ ಕಟ್ಟಿ ಎಂದು ಬರುವ ಸಂದೇಶದ ಕೊಂಡಿಯನ್ನು ಒತ್ತಿ ಕಾರ್ಡಿನ ವಿವರ ತುಂಬುವುದು ಇನ್ನೊಂದು ಅಪಾಯ. ಇಂಥ ಕೊಂಡಿಗಳು ಬ್ಯಾಂಕಿನ ಹೆಸರಿನಲ್ಲೂ ಬರಬಹುದು. ನಕಲಿ ಬ್ಯಾಂಕ್ ತಾಣಗಳನ್ನು ತಡೆಯುವ ಸಲುವಾಗಿ ಬ್ಯಾಂಕುಗಳಿಗೆಂದೇ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸವನ್ನು ರಿಸರ್ವ್ ಬ್ಯಾಂಕು 2025ರಲ್ಲಿ ಮೀಸಲಿಟ್ಟಿದ್ದು, ಅದರ ನೋಂದಣಿಯ ಹೊಣೆ ಹೊತ್ತಿರುವುದು ಹೈದರಾಬಾದಿನ ಮಾಸಬ್ ಟ್ಯಾಂಕ್‌ನಲ್ಲಿರುವ ಬ್ಯಾಂಕಿಂಗ್ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಐಡಿಆರ್‌ಬಿಟಿ.

ಇಷ್ಟಾದ ಮೇಲೂ ಕಳ್ಳತನ ನಡೆದುಹೋದರೆ ಮೊದಲು ಆ್ಯಪಿನಲ್ಲಿ ಕಾರ್ಡನ್ನು ಬಂದ್ ಮಾಡಿ, ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ನಡುವೆ ಎಲ್ಲೋ ಆದ ಸೋರಿಕೆಯಿಂದ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆ ಇಲ್ಲವೆಂದೂ, ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕೆಂದೂ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತು. ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಹೊಣೆಯನ್ನೂ ಅದು ಬ್ಯಾಂಕಿನ ಮೇಲೆಯೇ ಹೊರಿಸಿತು.