ದುಡಿಮೆಯ ದಣಿವು: ಪತಿಪತ್ನಿಯರ ಮಾಂಸಖಂಡಗಳಲ್ಲಿರುವ ಭೇದ



ಕಳೆ ಕೀಳುವ ಕಾಲದಲ್ಲಿ ರೈತರೊಬ್ಬರು ತಮ್ಮ ಪತ್ನಿಯನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದು, "ಡಾಕ್ಟ್ರೇ, ಇವಳಿಗೆ ಕಾಯಿಲೆ ಏನಿಲ್ಲ, ಬರೀ ಸೋಮಾರಿತನ. ಎರಡು ಸಾಲು ಕಳೆ ಕೀಳೋ ಅಷ್ಟರಲ್ಲಿ ಕೂತುಬಿಡ್ತಾಳೆ. ಯಾವುದಾದ್ರೂ ಟಾನಿಕ್ ಬರೆದುಕೊಡಿ" ಎಂದರು. ಆ ತಾಯಿ ತಲೆ ತಗ್ಗಿಸಿ ನಿಂತಿದ್ದರು. ನಾನು ಕೂಡಲೇ ಉತ್ತರಿಸದೆ, ಅವರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ರಕ್ತಪರೀಕ್ಷೆಗೆ ಕಳುಹಿಸಿದೆನು. ಪರೀಕ್ಷೆಯಲ್ಲಿ ಏನು ಕಂಡಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ದುಡಿಯುವಾಗ ಮಾಂಸಖಂಡದೊಳಗೆ ಏನು ನಡೆಯುತ್ತದೆ, ಅದು ಗಂಡು ಹೆಣ್ಣುಗಳಲ್ಲಿ ಒಂದೇ ರೀತಿಯಾಗಿದೆಯೇ ಎಂಬುದನ್ನು ತಾವು ಅರಿಯುವುದು ಅವಶ್ಯಕ.

ಮಾಂಸಖಂಡದ ಚಲನೆಗೆ ಎಟಿಪಿ ಎಂಬ ರಾಸಾಯನಿಕ ವಸ್ತುವೇ ನೇರವಾದ ಇಂಧನ. ಇದರ ದಾಸ್ತಾನು ಕೆಲವೇ ಸೆಕೆಂಡುಗಳ ದುಡಿಮೆಗೆ ಸಾಲುವಷ್ಟಿರುವುದರಿಂದ ಖರ್ಚಾದಂತೆಲ್ಲ ಮತ್ತೆ ತಯಾರಾಗುತ್ತಲೇ ಇರಬೇಕು. ಇದಕ್ಕೆ ಮೂರು ದಾರಿಗಳುಂಟು. ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವು ಜೇಬಿನ ಚಿಲ್ಲರೆಯಂತೆ. ಕೂಡಲೇ ಸಿಗುತ್ತದೆ, ಬೇಗ ಮುಗಿಯುತ್ತದೆ. ಮಾಂಸಖಂಡದಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವನ್ನು ಆಮ್ಲಜನಕವಿಲ್ಲದೆಯೇ ಒಡೆಯುವುದು ಎರಡನೆಯ ದಾರಿ. ಇದು ಕೈಗಡದಂತೆ, ತುರ್ತಿಗೆ ಒದಗುತ್ತದೆ, ಆದರೆ ಬಡ್ಡಿಯ ರೂಪದಲ್ಲಿ ಮಾಂಸಖಂಡದೊಳಗೆ ಆಮ್ಲತೆ ಹೆಚ್ಚುತ್ತದೆ. ಪಿಷ್ಟವನ್ನೂ ಕೊಬ್ಬನ್ನೂ ರಕ್ತವು ತರುವ ಆಮ್ಲಜನಕದ ನೆರವಿನಿಂದ ದಹಿಸುವುದು ಮೂರನೆಯದು. ಇದು ಕಣಜದ ಧಾನ್ಯ. ನಿಧಾನವಾದರೂ ದಿನವಿಡೀ ನಡೆಸುತ್ತದೆ.

ಇದನ್ನೆಲ್ಲ ಅಳೆಯಲು ಹಿಂದೆ ತೊಡೆಗೆ ದಪ್ಪ ಸೂಜಿಯನ್ನು ಚುಚ್ಚಿ ಮಾಂಸದ ಚೂರನ್ನು ತೆಗೆಯಬೇಕಾಗಿತ್ತು. ಈಗ ಸೂಜಿಯಿಲ್ಲದ ಉಪಾಯವೊಂದಿದೆ. ಎಟಿಪಿ ಮತ್ತು ಫಾಸ್ಫೋಕ್ರಿಯಾಟಿನ್ ಎರಡರಲ್ಲಿಯೂ ರಂಜಕ, ಅಂದರೆ ಫಾಸ್ಫರಸ್, ಇರುತ್ತದೆ. ಕೈಯನ್ನೋ ಕಾಲನ್ನೋ ಬಲವಾದ ಆಯಸ್ಕಾಂತದೊಳಗಿರಿಸಿ ರೇಡಿಯೋ ತರಂಗಗಳನ್ನು ಹಾಯಿಸಿದರೆ, ಬಾವಿಯೊಳಗೆ ಕೂಗಿದಾಗ ಮರುದನಿ ಬರುವಂತೆ, ರಂಜಕದಿಂದ ಮರುಸಂಕೇತ ಬರುತ್ತದೆ. ಯಾವ ವಸ್ತು ಎಷ್ಟು ಉಳಿದಿದೆ, ಆಮ್ಲತೆ ಎಷ್ಟು ಏರಿದೆ ಎಂಬುದು ಅದರಿಂದ ತಿಳಿಯುತ್ತದೆ, ನೋವಿಲ್ಲ, ಗಾಯವಿಲ್ಲ. 1974ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಲಿಯ ಕಾಲಿನ ಮಾಂಸಖಂಡವನ್ನು ಹೀಗೆ ಪರೀಕ್ಷಿಸಿದರು. 1981ರ ವೇಳೆಗೆ ಮನುಷ್ಯರ ಮುಂದೋಳನ್ನೂ ಪರೀಕ್ಷಿಸಿದ್ದರು.

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಸ್ತ್ರೀಪುರುಷರು ಪಾದವನ್ನು ಮೇಲಕ್ಕೆತ್ತುವ ಮಾಂಸಖಂಡಕ್ಕೆ ಪೂರ್ಣ ಬಲ ಕೊಡುತ್ತಿರುವಾಗಲೇ ಈ ಅಳತೆ ನಡೆಯಿತು. ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದು, ನಿಜ. ಆದರೂ ಫಲಿತಾಂಶ ಗಮನಾರ್ಹವಾಗಿತ್ತು: ಮೊದಲ ಮತ್ತು ಮೂರನೆಯ ದಾರಿಗಳಲ್ಲಿ ಇಬ್ಬರಿಗೂ ಭೇದ ಕಾಣಲಿಲ್ಲ, ಕೈಗಡದ ದಾರಿಯನ್ನು ಮಾತ್ರ ಪುರುಷರು ಹೆಚ್ಚಾಗಿ ಬಳಸಿದರು. ಉಸಿರಿನ ಅನಿಲಗಳನ್ನು ಅಳೆದು ನಡೆಸಿದ ಬೇರೆ ಅಧ್ಯಯನಗಳಲ್ಲಿ, ದೀರ್ಘಕಾಲದ ಮಧ್ಯಮ ಶ್ರಮದಲ್ಲಿ ಸ್ತ್ರೀಯರು ಪುರುಷರಿಗಿಂತ ಹೆಚ್ಚಿನ ಪಾಲನ್ನು ಕೊಬ್ಬಿನಿಂದ ಪಡೆಯುತ್ತಾರೆಂದು ಕಂಡುಬಂದಿದೆ. ನಿಧಾನವಾಗಿ ದಣಿಯುವ ಎಳೆಗಳ ಪಾಲು ಅವರ ಮಾಂಸಖಂಡಗಳಲ್ಲಿ ಸಾಮಾನ್ಯವಾಗಿ ಹೆಚ್ಚು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗ್ರಹಿಸಬೇಕು. ತಮ್ಮ ತಮ್ಮ ಪೂರ್ಣಬಲದ ಅರ್ಧದಷ್ಟನ್ನು ಬಳಸಿ ಹಿಡಿತ ಹಿಡಿಯಲು ಹೇಳಿದರೆ, ಸಾಮಾನ್ಯವಾಗಿ ಸ್ತ್ರೀಯರೇ ಹೆಚ್ಚು ಹೊತ್ತು ಹಿಡಿಯುತ್ತಾರೆ. ಆದರೆ ಹೊಲದಲ್ಲಿ ಹೊರೆಯನ್ನು ಯಾರೂ ಹಾಗೆ ಅಳೆದು ಹಂಚುವುದಿಲ್ಲ! 50 ಕಿಲೋ ಮೂಟೆ ಇಬ್ಬರಿಗೂ 50 ಕಿಲೋ ಮೂಟೆಯೇ. ಸ್ತ್ರೀಯರ ತೋಳಿನ ಬಲವು ಸರಾಸರಿಯಲ್ಲಿ ಪುರುಷರ ಬಲದ ಅರ್ಧಕ್ಕೆ ಸಮೀಪವಿರುವುದರಿಂದ, ಅದೇ ಮೂಟೆ ಅವರ ಶಕ್ತಿಯ ಹೆಚ್ಚಿನ ಪಾಲನ್ನು ಕಬಳಿಸುತ್ತದೆ. ಆದುದರಿಂದ ಮೂಟೆ ಹೊರುವಾಗ ಬೇಗ ದಣಿಯುವ ಸ್ತ್ರೀಯೇ ದಿನವಿಡೀ ನಾಟಿ ಹಾಕಿ, ಸಂಜೆ ನೀರು ಸೇದಿ, ಅಡಿಗೆಯನ್ನೂ ಮಾಡಬಲ್ಲಳು.

ಆದರೆ ಈ ಕಣಜದ ದಾರಿಗೆ ಆಮ್ಲಜನಕ ಬೇಕು. ಅದನ್ನು ಹೊತ್ತು ತರುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಗರ್ಭಿಣಿಯಲ್ಲದ ಸ್ತ್ರೀಗೆ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು; ಅದು 16 ಮಿಲಿಲೀಟರ್ ಆಮ್ಲಜನಕವನ್ನು ತರಬಲ್ಲದು. ನಾನು ಹೇಳಿದ ಆ ತಾಯಿಯ ರಕ್ತದಲ್ಲಿದ್ದುದು 7.5 ಗ್ರಾಂ. ಅಂದರೆ ಕೇವಲ 10 ಮಿಲಿಲೀಟರ್. ಕಣಜದ ಬಾಗಿಲು ಅರ್ಧ ಮುಚ್ಚಿದಾಗ ಸಣ್ಣ ಕೆಲಸಕ್ಕೂ ಕೈಗಡ ಮಾಡಬೇಕಾಗುತ್ತದೆ. ಏದುಸಿರು, ಕಾಲುನೋವು, ಎದೆಬಡಿತ ಬರುತ್ತವೆ. ಆಕೆ ಕುಳಿತದ್ದು ಸೋಮಾರಿತನದಿಂದಲ್ಲ. ಈ ಮಾತನ್ನು ಅವರ ಯಜಮಾನರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಮೂರು ಮಕ್ಕಳೂ ಒಂದರ ಹಿಂದೆ ಒಂದು ಆದವು" ಎಂದಷ್ಟೇ ಹೇಳಿದರು.

ಕಾರಣವನ್ನು ಅವರೇ ಅರ್ಧ ಹೇಳಿದ್ದರು. ತಿಂಗಳ ಮುಟ್ಟಿನಲ್ಲಿಯೂ ಪ್ರತಿ ಬಸುರಿನಲ್ಲಿಯೂ ಹೆಣ್ಣಿನ ದೇಹದ ಕಬ್ಬಿಣಾಂಶ ವೆಚ್ಚವಾಗುತ್ತದೆ. ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿಲ್ಲದಿದ್ದರೆ ಅದು ತುಂಬಿಕೊಳ್ಳುವುದಕ್ಕೆ ಸಮಯ ದೊರೆಯದು. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರಿಗೆ ಕೊಕ್ಕೆಹುಳುವಿನ ಬಾಧೆಯೂ ಸೇರುತ್ತದೆ. ಎಲ್ಲರ ಊಟವಾದ ಮೇಲೆ ತಳದಲ್ಲುಳಿದ ಸಾರನ್ನು ಉಣ್ಣುವ ಪದ್ಧತಿಯ ವಿಷಯ ತಮಗೇ ಗೊತ್ತಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ, ಅದೇ ವಯಸ್ಸಿನ ಪುರುಷರಲ್ಲಿ ಶೇಕಡಾ 25 ಮಂದಿಗೆ ರಕ್ತಹೀನತೆ ಕಂಡುಬಂದಿತು.

ಆದಕಾರಣ ಪತ್ನಿಗೆ ಮೊದಲಿಗಿಂತ ಬೇಗ ದಣಿವಾಗುತ್ತಿದ್ದರೆ ದಯಮಾಡಿ ಟಾನಿಕ್ ಕೇಳುವ ಮೊದಲು ರಕ್ತಪರೀಕ್ಷೆ ಮಾಡಿಸಿರಿ; ಬೆರಳ ತುದಿಯ ಒಂದು ತೊಟ್ಟು ರಕ್ತ ಸಾಕು. ನುಗ್ಗೆಸೊಪ್ಪು, ಹುರುಳಿಕಾಳು, ತಿನ್ನುವವರಾದರೆ ಮಾಂಸ, ಮೀನು ಮನೆಯಾಕೆಯ ತಟ್ಟೆಗೂ ಬೀಳಲಿ; ಸಾರಿಗೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣಾಂಶ ಹೆಚ್ಚಾಗಿ ಮೈಗೆ ಹತ್ತುತ್ತದೆ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆಯನ್ನು ನುಂಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮಾತ್ರೆಯ ಜೊತೆಗೆ ಕಾಫಿ, ಟೀ ಬೇಡ. ಒಂದು ಗಂಟೆಯಾದರೂ ಅಂತರವಿರಲಿ. ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಾಗುತ್ತದೆ. ಅದು ಕಬ್ಬಿಣದ ಬಣ್ಣ. ಅದಕ್ಕೆ ಹೆದರಿ ನಡುವೆ ನಿಲ್ಲಿಸಬೇಡಿರಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ತೆಗೆದುಕೊಂಡು ನೋಡಿರಿ.